ಗಡಿಬಿಡಿಯಣ್ಣನ ಸುರಕ್ಷತಾ ಪರೀಕ್ಷೆ

ಡಬ್ಬಿ ಮುಚ್ಚಳದ ಕಾರ್ಖಾನೆಯಲ್ಲಿ ಗಡಿಬಿಡಿಯಣ್ಣ ನಡೆದು ಬರುತ್ತಿದ್ದಾನೆಂದರೆ ಜನ ತಂತಮ್ಮ ಟೀ ಲೋಟಗಳನ್ನು ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ಹೊಸದಾಗಿ ಸೇರಿದವರು ಇದನ್ನು ಒಂದು ಬಗೆಯ ನಮಸ್ಕಾರ ಎಂದುಕೊಳ್ಳುತ್ತಿದ್ದರು. ಹಳಬರಿಗೆ ಗೊತ್ತಿತ್ತು, ಅದು ಲೋಟ ಉಳಿಸಿಕೊಳ್ಳುವ ಉಪಾಯ.

ಅವನದು ಪ್ಯಾಕಿಂಗ್ ವಿಭಾಗ. ಮುಚ್ಚಳಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಬೇಕು, ಅಂಟುಪಟ್ಟಿ ಹಾಕಬೇಕು, ವಿಳಾಸದ ಚೀಟಿ ಅಂಟಿಸಬೇಕು. ಇದರಲ್ಲಿ ತಪ್ಪು ಮಾಡಲು ಏನಿದೆ ಎಂದು ನೀವು ಕೇಳಬಹುದು. ಒಮ್ಮೆ ಅವನು ತನ್ನದೇ ಊಟದ ಡಬ್ಬಿಯನ್ನು ಪೆಟ್ಟಿಗೆಯೊಳಗಿಟ್ಟು, ಭದ್ರವಾಗಿ ಅಂಟಿಸಿ, ಲಾರಿ ಹತ್ತಿಸಿಬಿಟ್ಟ. ಗಿರಾಕಿಯ ಕಡೆಯಿಂದ, ಮುಚ್ಚಳಗಳು ಚೆನ್ನಾಗಿವೆ, ಊಟಕ್ಕೆ ಮಾತ್ರ ಉಪ್ಪು ಸ್ವಲ್ಪ ಕಡಿಮೆ, ಎಂದು ಉತ್ತರ ಬಂತು. ಇನ್ನೊಮ್ಮೆ ವಿಳಾಸದ ಚೀಟಿಯನ್ನು ವಾಚ್‌ಮನ್ ಬೆನ್ನಿಗೆ ಅಂಟಿಸಿದ್ದ. ಲಾರಿಯ ಹಮಾಲರು ಕರ್ತವ್ಯನಿಷ್ಠರು, ವಾಚ್‌ಮನ್ನನ್ನು ಎತ್ತಿ ಲಾರಿಗೆ ಹಾಕಲು ನೋಡಿದರು. ಇಷ್ಟೆಲ್ಲ ಆದರೂ ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಕೆಲಸದ ನಡುವೆ ನಗಲು ಒಬ್ಬ ಮನುಷ್ಯ ಬೇಕಲ್ಲ.

ಇಂಥ ಗಡಿಬಿಡಿಯಣ್ಣನಿಗೆ ಒಂದು ಬೆಳಿಗ್ಗೆ ಯಜಮಾನರ ಕೋಣೆಯಿಂದ ಕರೆ ಬಂತು. ಅವನು ಹೋಗಿ ಸೇರುವ ಮೊದಲು ಆ ಕೋಣೆಯಲ್ಲಿ ನಡೆದದ್ದೇನು ಎಂಬುದನ್ನು ಓದುಗರಿಗೆ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವನಿಗೆ ಯಾರೂ ಹೇಳಲಿಲ್ಲ.

ತಗಡು ಕತ್ತರಿಸುವ ಮೆಷಿನ್ನಿಗೆ ಈಚೆಗೆ ಒಬ್ಬ ಕೆಲಸಗಾರನ ಬೆರಳ ತುದಿ ಹೋಗಿತ್ತು. ಹಾಗಾಗಿ ಎಲ್ಲ ಮೆಷಿನ್ನುಗಳ ಸುರಕ್ಷತೆ ಪರೀಕ್ಷಿಸಲು ಹೊರಗಿನಿಂದ ಒಬ್ಬ ಇಂಜಿನಿಯರಮ್ಮ ಬಂದಿದ್ದರು. ಗಿಡ್ಡನೆಯ ಹೆಂಗಸು, ಮೆಲ್ಲನೆಯ ಮಾತು, ಆದರೆ ಹಿಡಿದ ಪಟ್ಟು ಬಿಡುವವರಲ್ಲ.

"ನಮ್ಮ ಹುಡುಗರೆಲ್ಲ ಚುರುಕು ಮೇಡಂ," ಎಂದರು ಯಜಮಾನರು. "ಸುಮ್ನೆ ಎಲ್ಲ ಮೆಷಿನ್ನಿಗೂ ಜಾಲರಿ, ಕವಚ ಅಂತ ಹಾಕಿದ್ರೆ ಕೆಲಸ ನಿಧಾನ ಆಗುತ್ತೆ."

"ಚುರುಕಾಗಿರೋರಿಗೆ ಏಟು ಬೀಳಲಿಲ್ಲ ಅಂದ್ರೆ ಅದು ಮೆಷಿನ್ ದೊಡ್ಡತನ ಅಲ್ಲ ಸರ್," ಎಂದರು ಇಂಜಿನಿಯರಮ್ಮ. "ಇಲ್ಲಿ ಎಲ್ಲರಿಗಿಂತ ಜಾಸ್ತಿ ಎಡವಟ್ಟು ಮಾಡೋರು ಯಾರು ಹೇಳಿ. ಅವರು ಮುಟ್ಟಿದ್ರೂ ಏನೂ ಆಗ್ಬಾರ್ದು. ಆಗ ಮೆಷಿನ್ ಸುರಕ್ಷಿತ ಅಂತೀನಿ."

ಯಜಮಾನರು, ಮೇಸ್ತ್ರಿ ಮತ್ತು ಟೀ ತಂದಿಟ್ಟವನು, ಈ ಮೂವರೂ ಒಂದೇ ಉಸಿರಿನಲ್ಲಿ ಒಂದೇ ಹೆಸರು ಹೇಳಿದರು. ಆ ಕಾರ್ಖಾನೆಯ ಚರಿತ್ರೆಯಲ್ಲಿ ಮಾಲೀಕನೂ ಕೆಲಸಗಾರನೂ ಹೀಗೆ ಏಕಾಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು. ಅಲ್ಲೇ ಮಾತೂ ಆಯಿತು. ಯಾವ ಮೆಷಿನ್ನಿನಲ್ಲಿ ಗಡಿಬಿಡಿಯಣ್ಣ ಎಡವುತ್ತಾನೋ ಅದಕ್ಕೆ ಯಜಮಾನರು ಜಾಲರಿಯದೋ ಕವಚದ್ದೋ ಕಾವಲು ಹಾಕಿಸಬೇಕು. ಎಡವದಿದ್ದರೆ ಇದ್ದ ಹಾಗೇ ಬಿಡಬಹುದು. ಇಂಜಿನಿಯರಮ್ಮ ಇದಕ್ಕೆ ಪೂರ್ತಿ ಒಪ್ಪಲಿಲ್ಲ. ಆದರೂ ಆ ಹೆಸರು ಕೇಳಿ ಎಲ್ಲರ ಮುಖ ಅರಳಿದ ಬಗೆ ನೋಡಿದಾಗ ಅವರಿಗೆ ಧೈರ್ಯ ಬಂದಿತ್ತು.

ಅಷ್ಟರಲ್ಲಿ ಗಡಿಬಿಡಿಯಣ್ಣ ಒಳಗೆ ಬಂದ. ಒಬ್ಬ ಮನುಷ್ಯನ ಎದುರಿಗೆ ನಿಂತು, ನೀನೇ ಅತಿ ದೊಡ್ಡ ಎಡವಟ್ಟು, ಎಂದು ಹೇಳುವುದು ಯಜಮಾನರಿಗೂ ಆಗಲಿಲ್ಲ. "ಸುರಕ್ಷತಾ ಪರೀಕ್ಷೆಗೆ ನಿಮ್ಮನ್ನ ಆರಿಸಿದ್ದೀವಿ. ಮೇಡಂ ಜೊತೆ ಇರಿ," ಎಂದಷ್ಟೇ ಹೇಳಿ ಕಿಟಕಿಯ ಕಡೆ ನೋಡಿದರು. ಇಂಜಿನಿಯರಮ್ಮ ವಿವರಿಸಲು ಬಾಯಿ ತೆರೆದರು. ಆದರೆ ಗಡಿಬಿಡಿಯಣ್ಣ ಆಗಲೇ ಮೇಜಿನ ಮೇಲಿದ್ದ ಹಳದಿ ಹೆಲ್ಮೆಟ್ಟನ್ನು ಹಿಂದುಮುಂದಾಗಿ ತಲೆಗೇರಿಸಿ, ಎಲ್ಲರಿಗೂ ಕೈಮುಗಿದು, ಹೊರಗೆ ಹೋಗಲೆಂದು ಬೀರುವಿನ ಬಾಗಿಲು ತೆರೆದಿದ್ದ.

ಸಂಜೆ ಅವನು ಹೆಲ್ಮೆಟ್ ಹಾಕಿಕೊಂಡೇ ಮನೆಗೆ ಬಂದ.

"ರೀ, ತಲೆಗೇನಾಯ್ತು?" ಎಂದು ಹೆಂಡತಿ ಓಡಿಬಂದಳು. ಅವಳ ಗಾಬರಿಗೆ ಕಾರಣವಿತ್ತು. ಗಂಡ ತಲೆಗೆ ಏನಾದರೂ ಕಟ್ಟಿಕೊಂಡು ಬಂದಾಗಲೆಲ್ಲ ಒಳಗೆ ಗಾಯವಿರುತ್ತಿತ್ತು.

"ಏನೂ ಆಗಿಲ್ಲ. ಸುರಕ್ಷತಾ ಪರೀಕ್ಷೆಗೆ ನನ್ನ ಆರಿಸಿದ್ದಾರೆ. ಇಡೀ ಕಾರ್ಖಾನೇಲಿ ನನ್ನೊಬ್ಬನ್ನೇ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಲ್ಲೋ ಏನೋ ತಪ್ಪಾಗಿದೆ ಎಂದು ಅವಳ ಬುದ್ಧಿ ಹೇಳಿತು. ಆದರೆ ಮದುವೆಯಾದಾಗಿನಿಂದ ತವರಿನವರ ಎದುರು ತಲೆಯೆತ್ತಿ ಹೇಳಿಕೊಳ್ಳಲು ಒಂದು ಸುದ್ದಿಗಾಗಿ ಕಾದಿದ್ದ ಹೆಂಗಸು ಅವಳು. ಬುದ್ಧಿಗೆ ಸುಮ್ಮನಿರು ಎಂದು ಹೇಳಿ, ಫೋನ್ ಎತ್ತಿಕೊಂಡಳು. ಅಮ್ಮನಿಗೆ ಹೇಳುವಾಗ ಅವನು ಸುರಕ್ಷತಾ ಪರೀಕ್ಷಕನಾಗಿದ್ದ, ದೊಡ್ಡಮ್ಮನ ಹೊತ್ತಿಗೆ ಅಧಿಕಾರಿಯಾದ, ಪಕ್ಕದ ಮನೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಮುಖ್ಯ ಅಧಿಕಾರಿಯೇ ಆಗಿಹೋದ.

ಕಾರ್ಖಾನೆಯಲ್ಲಿ ಪರೀಕ್ಷೆ ಭರದಿಂದ ಸಾಗಿತು. ಇಂಜಿನಿಯರಮ್ಮ ಒಂದು ರಬ್ಬರ್ ಕೈಗವಸಿಗೆ ಹತ್ತಿ ತುಂಬಿ ಕೋಲಿಗೆ ಸಿಕ್ಕಿಸಿ ಅವನ ಕೈಗೆ ಕೊಟ್ಟಿದ್ದರು. ಮೆಷಿನ್ ಓಡುವಾಗ ಕೈ ಹಾಕಬೇಕಾದಲ್ಲೆಲ್ಲ ಅವನು ಆ ಕೋಲಿನ ಕೈ ಹಾಕಬೇಕು. "ನಿಮಗೆ ಹೇಗೆ ತೋಚುತ್ತೋ ಹಾಗೆ ಕೆಲಸ ಮಾಡಿ," ಎಂದಷ್ಟೇ ಅವರ ಅಪ್ಪಣೆ. ಗಡಿಬಿಡಿಯಣ್ಣ ತೋಚಿದಂತೆ ಮಾಡಿದ. ಕತ್ತರಿ ಮೆಷಿನ್ ಎದುರು ಕೆಮ್ಮು ಬಂದು ಬಗ್ಗಿದ, ಕೈಗವಸಿನ ಹೆಬ್ಬೆರಳು ಹಾರಿ ಹೋಗಿ ಮೇಸ್ತ್ರಿಯ ಟೀ ಲೋಟದಲ್ಲಿ ಬಿತ್ತು. ತಗಡು ಸುತ್ತುವ ಉರುಳೆಗೆ ಅವನ ಹೆಗಲ ಮೇಲಿದ್ದ ಟವೆಲ್ ಸಿಕ್ಕಿತು, ಟವೆಲ್ ಆಚೆ ಕಡೆಯಿಂದ ಹಪ್ಪಳದಂತೆ ಚಪ್ಪಟೆಯಾಗಿ ಬಂತು. ಇಂಜಿನಿಯರಮ್ಮ ಕಣ್ಣರಳಿಸಿ, "ಅದ್ಭುತ! ಇದು ನನಗೆ ಹೊಳೆದೇ ಇರ್ಲಿಲ್ಲ," ಎನ್ನುತ್ತ ಬರೆದುಕೊಂಡರು. ಗಡಿಬಿಡಿಯಣ್ಣ ಉಬ್ಬಿ ಹೋದ. ಇಷ್ಟು ದಿನ ಅವನು ಏನು ಮಾಡಿದರೂ ಜನ ತಲೆ ಚಚ್ಚಿಕೊಳ್ಳುತ್ತಿದ್ದರು, ಈಗ ಓದಿದ ಒಬ್ಬರು ಅದನ್ನೇ ಅದ್ಭುತ ಎನ್ನುತ್ತಿದ್ದಾರೆ. ಸುತ್ತ ನಿಂತ ಕೆಲಸಗಾರರು ಕೆಮ್ಮಿನ ನೆಪದಲ್ಲಿ ಮುಖ ತಿರುಗಿಸಿ ನಗುತ್ತಿದ್ದದ್ದು ಅವನಿಗೆ ಕಾಣಲಿಲ್ಲ. ಕತ್ತರಿ ಮೆಷಿನ್ನಿಗೆ ಕಾವಲು ಬಂತು, ಉರುಳೆಗೂ ಬಂತು. ಯಜಮಾನರ ಮುಖ ದಿನೇ ದಿನೇ ಸಣ್ಣದಾಯಿತು.

ಪಕ್ಕದ ಮನೆಯ ಟೈಲರಿಗೆ ಸುಮ್ಮನಿರಲಾಗಲಿಲ್ಲ. ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತ.

"ಸಾರ್, ನನ್ನ ಹೊಲಿಗೆ ಮೆಷಿನ್ನೂ ಒಂದ್ಸಲ ನೋಡ್ಬಿಡಿ. ಕಾರ್ಖಾನೆಯೋರ ಬೆರಳೇ ಬೆರಳು, ನಮ್ಮದೇನು ಬೆಂಡೇಕಾಯಾ?"

ಗಡಿಬಿಡಿಯಣ್ಣ ಹೆಲ್ಮೆಟ್ ಸಮೇತ ಹೋಗಿ ಕುಳಿತ. ಮೆಷಿನ್ನಿನಲ್ಲಿ ಒಬ್ಬ ಗಿರಾಕಿಯ ಪ್ಯಾಂಟು ಅರ್ಧ ಹೊಲಿದು ನಿಂತಿತ್ತು. ಗಂಭೀರವಾಗಿ ಸೂಜಿಯ ಕಡೆ ಬಗ್ಗಿ, "ಹೂಂ," ಎಂದು ಪೆಡಲ್ ತುಳಿದ. ಮೆಷಿನ್ ಕಟಕಟನೆ ಓಡಿತು. ಅವನು ಏಳಲು ನೋಡಿದಾಗ ಅವನ ಅಂಗಿಯ ತೋಳೂ ಗಿರಾಕಿಯ ಪ್ಯಾಂಟೂ ಒಂದೇ ಬಟ್ಟೆಯಾಗಿದ್ದವು.

"ನೋಡಿದ್ರಾ?" ಎಂದ ಗಡಿಬಿಡಿಯಣ್ಣ, ಕೊಂಚವೂ ವಿಚಲಿತನಾಗದೆ. "ಸೂಜಿ ಮುಂದೆ ಒಂದು ತಡೆ ಬೇಕು."

"ಇದು ನೀವು ಬೇಕು ಅಂತ ಮಾಡಿದ್ದಾ ಸಾರ್?" ಎಂದು ಟೈಲರು ಬಾಯಿ ಬಿಟ್ಟ.

"ಪರೀಕ್ಷೆ ಅಂದ್ರೆ ಹಾಗೇ. ಬರಿ ಕಣ್ಣಲ್ಲಿ ನೋಡಿದ್ರೆ ಏನು ಗೊತ್ತಾಗುತ್ತೆ?" ಎಂದು ಹೇಳಿ, ತೋಳಿನಿಂದ ಪ್ಯಾಂಟು ಜೋತಾಡಿಸಿಕೊಂಡೇ ಅವನು ಮನೆಗೆ ನಡೆದ. ಬೀದಿಯಲ್ಲಿ ನಿಂತವರು ದಾರಿ ಬಿಟ್ಟರು. ಅಂಥದ್ದನ್ನು ತೊಟ್ಟು ಇಷ್ಟು ಗಂಭೀರವಾಗಿ ನಡೆಯುವವನು ದೊಡ್ಡ ಮನುಷ್ಯನೇ ಇರಬೇಕೆಂದು ಅವರಿಗನ್ನಿಸಿತು. ಟೈಲರಂತೂ ಮಾರನೆಯ ದಿನವೇ ಸೂಜಿಗೆ ತಂತಿಯ ತಡೆ ಹಾಕಿಸಿದ.

ಕಾರ್ಖಾನೆಯಲ್ಲಿ ಇನ್ನುಳಿದಿದ್ದು ದೊಡ್ಡ ಪ್ರೆಸ್ ಒಂದೇ. ತಗಡನ್ನು ಅಚ್ಚಿನ ಮೇಲಿಟ್ಟು ಕಾಲಲ್ಲಿ ಪೆಡಲ್ ತುಳಿದರೆ ಮೇಲಿನಿಂದ ಆನೆ ಹೆಜ್ಜೆ ಇಟ್ಟಂತೆ ಭಾರ ಬೀಳುತ್ತದೆ, ತಗಡು ಮುಚ್ಚಳವಾಗುತ್ತದೆ. ಪೆಡಲ್ ಬಟಾಬಯಲು, ಅಚ್ಚಿನ ಮುಂದೆ ಒಂದು ಕಡ್ಡಿಯ ತಡೆಯೂ ಇಲ್ಲ. ಅದರಲ್ಲಿ ಕೆಲಸ ಮಾಡುವವನು ಗಡಿಬಿಡಿಯಣ್ಣನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಕೈ ಚಳಕಕ್ಕೆ ಇಡೀ ಕಾರ್ಖಾನೆಯಲ್ಲಿ ಹೆಸರಾದವನು, ಬಾಯಿ ಚಳಕಕ್ಕೆ ಇನ್ನೂ ಹೆಚ್ಚು.

ಪ್ರೆಸ್ಸಿನ ಪರೀಕ್ಷೆಯ ಹಿಂದಿನ ಸಂಜೆ ಅಕ್ಕ ಅವನನ್ನು ಊಟಕ್ಕೆ ಕರೆದಳು. ಗಿರಾಕಿಯ ಪ್ಯಾಂಟು ಬಿಡಿಸಿಕೊಂಡು ಹೋಗಲು ಟೈಲರೂ ಬಂದು ಕೂತಿದ್ದ.

"ಭಾವ ಬಂದ್ರು, ಎದ್ದು ನಿಂತ್ಕೊಳೋ," ಎಂದಳು ಅಕ್ಕ. "ಈಗ ಅವರು ಮೊದಲಿನ ಹಾಗಲ್ಲ. ನಾಳೆ ನಿನ್ನ ಮೆಷಿನ್ನನ್ನೂ ಅವರೇ ಪರೀಕ್ಷೆ ಮಾಡೋದು. ಸ್ವಲ್ಪ ಮರ್ಯಾದೆ ಕಲಿ."

ಭಾಮೈದ ತುಟಿ ಕಚ್ಚಿ ತಡೆದುಕೊಂಡ. ಟೈಲರು ಎದ್ದು ಭಾವನಿಗೆ ಕೈಮುಗಿದದ್ದನ್ನು ಕಂಡಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ. ಕುಡಿಯುತ್ತಿದ್ದ ನೀರು ಮೂಗಿನಲ್ಲಿ ಬಂತು.

"ಅಯ್ಯೋ ಅಕ್ಕಾ! ಭಾವನ್ನ ಯಾಕೆ ಆರಿಸಿದ್ದು ಗೊತ್ತಾ ನಿಂಗೆ? ಇಡೀ ಕಾರ್ಖಾನೇಲಿ ಇವರಷ್ಟು ಎಡವಟ್ಟು ಮಾಡೋರು ಇನ್ನೊಬ್ಬರಿಲ್ಲ ಅಂತ! ಇವರು ಮುಟ್ಟಿದ್ರೂ ಏನೂ ಆಗದಿದ್ರೆ ಆ ಮೆಷಿನ್ ಸೇಫ್ ಅಂತ ಲೆಕ್ಕ. ಎಲ್ಲರಿಗೂ ಗೊತ್ತು, ಇವರೊಬ್ಬರಿಗೆ ಬಿಟ್ಟು!"

ಹೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಜೊತೆಗೆ ನಗಲು ಅಲ್ಲಿ ಯಾರೂ ಇರಲಿಲ್ಲ. ಟೈಲರು ಚಾವಣಿಯ ಕಡೆ ನೋಡುತ್ತ ಕೂತ. ಹೆಂಡತಿ ಗಂಡನ ಮುಖ ನೋಡಿದಳು, ಆಮೇಲೆ ತಮ್ಮನ ತಲೆಗೆ ಸೌಟಿನಲ್ಲಿ ಒಂದು ಬಿಟ್ಟಳು.

ಗಡಿಬಿಡಿಯಣ್ಣನಿಗೆ ತುಂಬ ನೋವಾಯಿತು. ಎಡವಟ್ಟು ಎಂದದ್ದಕ್ಕಲ್ಲ, ಅದು ಅವನಿಗೂ ಗೊತ್ತಿದ್ದ ವಿಷಯವೇ. ಅದ್ಭುತ ಎಂದಾಗ ತಾನು ನಂಬಿದೆನಲ್ಲ, ಅದಕ್ಕೆ. ಹೆಲ್ಮೆಟ್ ಕಳಚಿ ಮೂಲೆಯಲ್ಲಿಟ್ಟ.

"ನಾಳೆ ನೋಡ್ತಿರು," ಎಂದ. "ಈ ಎಡವಟ್ಟು ಹೇಗೆ ಕೆಲಸ ಮಾಡ್ತಾನೆ ಅಂತ."

ಮಾರನೆಯ ದಿನ ಪ್ರೆಸ್ಸಿನ ಸುತ್ತ ಕೆಲಸಗಾರರೆಲ್ಲ ಸೇರಿದ್ದರು. ಯಜಮಾನರೂ ಬಂದು ನಿಂತಿದ್ದರು. ಗಡಿಬಿಡಿಯಣ್ಣ ಹೆಗಲ ಟವೆಲ್ ತೆಗೆದಿಟ್ಟ, ತೋಳು ಮಡಿಸಿದ, ಕೋಲಿನ ಕೈ ಹಿಡಿದ. ತಗಡು ಇಟ್ಟ. ಕೋಲು ಹಿಂದಕ್ಕೆ ತೆಗೆದ. ತೆಗೆದೆನೇ ಎಂದು ನೋಡಿಕೊಂಡ. ಪೆಡಲ್ ತುಳಿದ. ಧಡ್! ಮುಚ್ಚಳ ಸಿದ್ಧ. ಕಾಲನ್ನು ಪೆಡಲಿನಿಂದ ಎತ್ತಿ ದೂರವಿಟ್ಟ. ಮತ್ತೆ ಹಾಗೆಯೇ, ಮತ್ತೆ ಹಾಗೆಯೇ. ಒಂದು ಮುಚ್ಚಳ ಕೂಡ ಸೊಟ್ಟಗಾಗಲಿಲ್ಲ. ಮೇಸ್ತ್ರಿ ಹತ್ತಿರ ಬಂದು, ಜ್ವರ ಇದೆಯೇನೋ ಎಂದು ಅವನ ಹಣೆ ಮುಟ್ಟಿ ನೋಡಿದ.

ಯಜಮಾನರು ಚಪ್ಪಾಳೆ ತಟ್ಟಿದರು. "ಮುಗೀತಲ್ಲ ಮೇಡಂ? ಇವನೇ ಎಡವಲಿಲ್ಲ ಅಂದ್ಮೇಲೆ ಈ ಪ್ರೆಸ್ಸಿಗೆ ಏನೂ ಬೇಡ. ಮಾತು ಅಂದ್ರೆ ಮಾತು."

"ಒಬ್ಬರು ಒಂದು ದಿನ ಹುಷಾರಾಗಿದ್ರೆ ಮೆಷಿನ್ ಬದಲಾಗಲ್ಲ ಸರ್. ಕಾವಲು ಬೇಕು ಅಂತಾನೇ ನಾನು ಬರೆಯೋದು."

"ಬರ್ಕೊಳಿ. ಹಾಕ್ಸೋದು ಬಿಡೋದು ನನಗೆ ಸೇರಿದ್ದು." ಯಜಮಾನರು ಭಾಮೈದನ ಕಡೆ ತಿರುಗಿದರು. "ಕೂತ್ಕೊಳಪ್ಪ. ಆಗ್ಲೇ ಹೊತ್ತಾಯ್ತು."

ಜನ ಗಡಿಬಿಡಿಯಣ್ಣನ ಬೆನ್ನು ತಟ್ಟಿದರು. ಅವನಿಗೆ ಆ ಕ್ಷಣ ಸ್ವರ್ಗಕ್ಕೆ ಮೂರೇ ಗೇಣು. ಗೆದ್ದ ಮುಖ ಹೊತ್ತು ಭಾಮೈದನ ಕಡೆ ನೋಡಿದ. ಭಾಮೈದ ಪ್ರೆಸ್ಸಿನ ಮುಂದೆ ಕೂತು, ಒಂದು ಕಾಲನ್ನು ಆರಾಮಾಗಿ ಪೆಡಲಿನ ಮೇಲಿಟ್ಟು, ಅಚ್ಚಿನೊಳಗೆ ಸಿಕ್ಕಿಕೊಂಡಿದ್ದ ತಗಡಿನ ಚೂರನ್ನು ಬೆರಳಿನಿಂದ ಕೆರೆಯುತ್ತಿದ್ದ. ಕಣ್ಣು ಮೆಷಿನ್ನಿನ ಮೇಲಿರಲಿಲ್ಲ, ಭಾವನ ಮೇಲಿತ್ತು.

"ಏನ್ ಭಾವ, ಕನಸಲ್ಲೂ ಅಭ್ಯಾಸ ಮಾಡಿದ್ರಾ?"

ಗಡಿಬಿಡಿಯಣ್ಣನ ನೋಟ ಅಲ್ಲೇ ನಿಂತಿತು. ಆ ಬೆರಳುಗಳು, ಆ ಕಾಲು, ನಡುವೆ ಒಂದು ಸೀನಿನಷ್ಟೇ ಅಂತರ. ತಾನು ಈಗ ಗೆದ್ದಿದ್ದು ಏನನ್ನು ಎಂದು ಅವನಿಗೆ ಅರ್ಥವಾಯಿತು.

"ಕೈ ತೆಗೆಯೋ!" ಎಂದು ಅರಚಿ ಭಾಮೈದನ ಕಾಲರ್ ಹಿಡಿದು ಹಿಂದಕ್ಕೆ ಎಳೆದ. "ಮೇಡಂ, ಇನ್ನೊಂದ್ಸಲ ಪರೀಕ್ಷೆ ಮಾಡ್ತೀನಿ. ಆಗ ನಾನು ಸರಿಯಾಗಿ ಮಾಡ್ಲಿಲ್ಲ."

"ಸರಿಯಾಗೇ ಮಾಡಿದ್ರಿ," ಎಂದರು ಯಜಮಾನರು.

"ಅದೇ ತಪ್ಪಾಗಿದ್ದು ಸರ್. ನಾನು ಎಡವಟ್ಟು ಮಾಡ್ಬೇಕಿತ್ತು. ನನ್ನ ಆರಿಸಿದ್ದೇ ಅದಕ್ಕಲ್ವಾ?"

ಎಲ್ಲರ ಮುಂದೆ, ತಾನಾಗಿ, ಅವನು ಆ ಮಾತು ಹೇಳಿದ. ನಗಲು ಸಿದ್ಧವಾಗಿದ್ದ ಬಾಯಿಗಳು ಅರ್ಧಕ್ಕೇ ನಿಂತವು. ಇಂಜಿನಿಯರಮ್ಮ ಕೋಲಿನ ಕೈಯನ್ನು ಅವನಿಗೆ ಕೊಟ್ಟರು. ಗೆಲುವಿನ ಖುಷಿಯಲ್ಲಿದ್ದ ಯಜಮಾನರು, "ಎಷ್ಟು ಸಲ ಬೇಕಾದ್ರೂ ಮಾಡ್ಲಿ," ಎಂದರು.

ಆದರೆ ಹುಟ್ಟಿದಾಗಿನಿಂದ ಬೇಡವೆಂದರೂ ಬರುತ್ತಿದ್ದ ಎಡವಟ್ಟು ಬೇಕೆಂದಾಗ ಕೈಕೊಟ್ಟಿತು. ಕೋಲನ್ನು ಅಚ್ಚಿನಲ್ಲೇ ಬಿಟ್ಟು ಪೆಡಲ್ ತುಳಿಯಲು ಹೋದ, ಕಾಲು ಜಾರಿ ಪೆಡಲ್ ಪಕ್ಕದ ನೆಲಕ್ಕೆ ಬಿತ್ತು. ಕೋಲು ನುಗ್ಗಿಸುತ್ತ ತುಳಿಯಲು ನೋಡಿದ, ಕೋಲು ಕೈಜಾರಿ ಆಚೆ ಹಾರಿತು, ಧಡ್ ಎಂದು ಬಿದ್ದ ಪ್ರೆಸ್ಸು ನಾಚಿಕೆಯಾಗುವಷ್ಟು ಅಂದವಾದ ಇನ್ನೊಂದು ಮುಚ್ಚಳ ಕೊಟ್ಟಿತು. ಗಡಿಬಿಡಿಯಣ್ಣನ ಕಣ್ಣಲ್ಲಿ ನೀರು ಬಂತು.

"ಈ ಮನುಷ್ಯ ಬುದ್ಧಿವಂತ ಆಗ್ಬಿಟ್ಟ ಮೇಡಂ, ಇನ್ನು ಇವನಿಂದ ಏನೂ ಆಗಲ್ಲ," ಎಂದು ನಗುತ್ತ ಯಜಮಾನರು ಮುಂದೆ ಬಂದರು. ಇಂಜಿನಿಯರಮ್ಮ ಸ್ವಿಚ್ ಆರಿಸಲು ಗೋಡೆಯ ಕಡೆ ತಿರುಗಿದ್ದರಷ್ಟೆ. ಯಜಮಾನರು ಕೈಯಲ್ಲಿದ್ದ ಹೊಸ ಫೋನನ್ನು ಅಲ್ಲೇ ಸಿಕ್ಕ ನುಣುಪಾದ ಜಾಗದಲ್ಲಿ ಇಟ್ಟು, ಎರಡೂ ಕೈಗಳಿಂದ ಗಡಿಬಿಡಿಯಣ್ಣನ ಭುಜ ಹಿಡಿದರು. ಯಜಮಾನರು ಮುಟ್ಟಿದರಲ್ಲ ಎಂಬ ಸಂಕೋಚಕ್ಕೆ ಅವನು ಹಿಂದಕ್ಕೆ ಒಂದು ಹೆಜ್ಜೆ ಇಟ್ಟ.

ಧಡ್!

ಅಚ್ಚಿನ ಮೇಲೆ ಫೋನು ದುಂಡಗಿನ, ತೆಳ್ಳಗಿನ, ಅಂಚು ಮಡಿಸಿದ ಮುಚ್ಚಳವಾಗಿತ್ತು. ಗಡಿಬಿಡಿಯಣ್ಣ ತನ್ನ ಹಿಮ್ಮಡಿಯ ಕೆಳಗಿದ್ದ ಪೆಡಲನ್ನು ನೋಡಿ, "ಅಯ್ಯಯ್ಯೋ, ಬೇಕು ಅಂತ ಮಾಡಿದ್ದಲ್ಲ ಸರ್," ಎಂದ.

ಇಂಜಿನಿಯರಮ್ಮ ಸ್ವಿಚ್ ಆರಿಸಿ ಮೆಲ್ಲನೆ ಬಂದರು.

"ಸರ್, ಫೋನ್ ಇಟ್ಟಿದ್ದು ಯಾವ ಕೈಲಿ?"

ಯಜಮಾನರು ತಮ್ಮ ಬಲಗೈಯನ್ನು ಮುಖದ ಮುಂದೆ ಹಿಡಿದು, ಮುಷ್ಟಿ ಕಟ್ಟಿ ಬಿಡಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಮೇಸ್ತ್ರಿಯನ್ನು ಕರೆದು, ಪೆಡಲಿಗೆ ಕವಚ, ಅಚ್ಚಿನ ಮುಂದೆ ಜಾಲರಿಯ ಬಾಗಿಲು, ಬಾಗಿಲು ತೆರೆದಿದ್ದರೆ ಮೆಷಿನ್ ಮಿಸುಕಾಡದಂತೆ ಬೀಗ, ಎಲ್ಲ ಹಾಕಿಸುವವರೆಗೆ ಪ್ರೆಸ್ ಬಂದ್, ಎಂದರು.

ಗಡಿಬಿಡಿಯಣ್ಣ ಮರಳಿ ಪ್ಯಾಕಿಂಗಿಗೆ ಬಂದ. ದೊಡ್ಡಮ್ಮ ಫೋನ್ ಮಾಡಿದಾಗ ಹೆಂಡತಿ, "ಹೂಂ ದೊಡ್ಡಮ್ಮ, ಕೆಲಸ ಮುಗಿಸಿಕೊಟ್ಟು ಅವರೇ ಬಿಟ್ಟುಬಂದ್ರು," ಎಂದಳು. ಹೊಸ ಕಾವಲು ಬಂದ ಮೇಲೆ ಭಾಮೈದ ಕಂಡಕಂಡಲ್ಲಿ ಗೊಣಗಿದ. ಕೈ ಚಳಕದವನಿಗೆ ಇದೆಲ್ಲ ಯಾಕೆ, ಭಾವನಂಥವರಿಗಾಗಿ ನಾವೂ ಬಾಗಿಲು ತೆಗೆದು ಹಾಕಿ ಸಾಯಬೇಕು, ಎಂದು ಎಲ್ಲರಿಗೂ ಕೇಳುವಂತೆ ಹೇಳಿಕೊಂಡು ತಿರುಗಿದ.

ಹಾಗೆ ಗೊಣಗುತ್ತಿದ್ದವನು ಒಂದು ಸಂಜೆ ಹೇಳದೆ ಕೇಳದೆ ಅಕ್ಕನ ಮನೆಗೆ ಬಂದ. ಅಕ್ಕ ಅಡುಗೆಮನೆಯಲ್ಲಿ ಮಿಕ್ಸಿ ಓಡಿಸುತ್ತಿದ್ದಳು. ಬಾಲ್ಕನಿಯ ಬಾಗಿಲನ್ನು ಆಚೆಯಿಂದ ಯಾರೋ ಬಡಿಯುತ್ತಿದ್ದರು. ಒಣಗಿದ ಬಟ್ಟೆ ತರಲು ಹೋದ ಗಡಿಬಿಡಿಯಣ್ಣನ ಹಿಂದೆ ಬಾಗಿಲು ಬಡಿದು ಚಿಲಕ ಬಿದ್ದಿತ್ತು. ಭಾಮೈದ ಚಿಲಕ ತೆಗೆದು, ತಾನೂ ಹೊರಗೆ ಬಂದು ನಿಂತ. ತೋಳ ತುಂಬ ಬಟ್ಟೆ ಹೊತ್ತ ಭಾವ ನಗೆಯ ಬಾಣಕ್ಕೆ ಸಿದ್ಧನಾಗಿ ಕಾದ. ನಗು ಬರಲಿಲ್ಲ.

"ಯಾಕೋ, ಹುಷಾರಿಲ್ವಾ? ನಗ್ತಾನೇ ಇಲ್ಲ?"

ಭಾಮೈದ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಅಡಗಿಸಿಟ್ಟುಕೊಂಡಿದ್ದ.

"ಇವತ್ತು ತಗಡು ಸಿಕ್ಕಿಕೊಂಡಿತ್ತು ಭಾವ. ಯಾರೋ ಕೂಗಿದ್ರು ಅಂತ ಆ ಕಡೆ ನೋಡ್ತಾ ಬಾಗಿಲು ತೆಗೆದು ಕೈ ಹಾಕಿದೆ. ಕಾಲು ಪೆಡಲ್ ಮೇಲೇ ಇತ್ತು, ತುಳಿದೂಬಿಟ್ಟೆ. ಮೆಷಿನ್ ಅಲ್ಲಾಡಲಿಲ್ಲ."

ಗಡಿಬಿಡಿಯಣ್ಣ ಬಟ್ಟೆಗಳನ್ನೆಲ್ಲ ಕೆಳಗೆ ಬಿಟ್ಟು, ಭಾಮೈದನ ಕೈಯನ್ನು ಜೇಬಿನಿಂದ ಎಳೆದು ಹಿಡಿದುಕೊಂಡ. ಹಿಂದೆ ಮುಂದೆ ತಿರುಗಿಸಿ, ಒಂದೊಂದು ಬೆರಳನ್ನೂ ಮುಟ್ಟಿ ನೋಡಿದ. ಆ ಕೈ ಬೆಚ್ಚಗಿತ್ತು.

"ಅಕ್ಕಂಗೆ ಹೇಳ್ಬೇಡಿ," ಎಂದ ಭಾಮೈದ.

"ಹೇಳಲ್ಲ."

"ಕಾರ್ಖಾನೇಲೂ ಯಾರಿಗೂ ಹೇಳ್ಬೇಡಿ. ಮುಂದಿನ ಸಲ ಮೇಡಂ ಬಂದಾಗ ಎಡವಟ್ಟು ಯಾರು ಅಂತ ಕೇಳಿದ್ರೆ..."

"ನನ್ನ ಹೆಸರೇ ಹೇಳು," ಎಂದ ಗಡಿಬಿಡಿಯಣ್ಣ. "ನಿಂಗಿನ್ನೂ ಅಷ್ಟು ಅನುಭವ ಸಾಲದು."